ಕಂಬಿ ಕತ್ತರಿಸುವ ಮೊದಲು: ಮನೆಯ ಕಾಂಕ್ರೀಟಿಗೆ ಕಂಬಿ ಪಟ್ಟಿ ಬರೆಯುವ ಬಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮನೆ ಕಟ್ಟುವ ಜಾಗದಲ್ಲಿ ಅರ್ಧ ದಿನ ನಿಂತರೆ ನಾಲ್ಕೈದು ಭಾಷೆ ಕಿವಿಗೆ ಬೀಳುತ್ತದೆ. ನಕ್ಷೆ ಇಂಗ್ಲಿಷಿನದು, ಕಂಬಿ ಅಂಗಡಿಯ ಮಾತು ಮಲಯಾಳದ್ದು, ಮೇಸ್ತ್ರಿಯದು ತುಳು ಅಥವಾ ಕನ್ನಡ, ಕಂಬಿ ಬಗ್ಗಿಸುವವರದು ಹೆಚ್ಚಾಗಿ ಹಿಂದಿ ಇಲ್ಲವೇ ಬಂಗಾಳಿ. ಎಂಜಿನಿಯರ್ 16 ಮಿ.ಮೀ. ಎಂದದ್ದು ಕಂಬಿ ಕೆಲಸದವರ ಬಾಯಲ್ಲಿ ‘ಪಾಂಚ್ ಸೂತ್’ (ಸೂತ್ ಎಂದರೆ ಇಂಚಿನ ಎಂಟನೇ ಒಂದು ಪಾಲು) ಆಗುತ್ತದೆ, 12 ಮಿ.ಮೀ. ‘ಚಾರ್ ಸೂತ್’, 10 ಮಿ.ಮೀ. ‘ತೀನ್ ಸೂತ್’. ನಕ್ಷೆಯಲ್ಲಿ 90 ಮಿ.ಮೀ. ಎಂದಿದ್ದ ರಿಂಗಿನ (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿ) ಅಂತರ ಬಾಯಿಂದ ಬಾಯಿಗೆ ಹೋಗಿ ‘ನಾಲ್ಕಿಂಚು’ ಆಯಿತೆಂದರೆ ಅದು 100 ದಾಟಿದ ಹಾಗೆ. ಹಾಗಾಗಿ ಬಾಯಿಮಾತನ್ನು ನಂಬಿ ಕಂಬಿ ಕತ್ತರಿಸಬೇಡಿ. ಪ್ರತಿ ಕಂಬಿಯ ಆಕಾರವನ್ನೂ ಗೆರೆ ಎಳೆದು, ಪಕ್ಕದಲ್ಲಿ ಮಿಲಿಮೀಟರಿನಲ್ಲಿ ಅಳತೆ ಬರೆದ ಪಟ್ಟಿ ಒಂದಿದ್ದರೆ ಯಾವ ಭಾಷೆಯವರಿಗೂ ಗೊಂದಲವಿಲ್ಲ. ಎಂಜಿನಿಯರುಗಳು ಇದನ್ನೇ ಬಿಬಿಎಸ್ (ಬಾರ್ ಬೆಂಡಿಂಗ್ ಶೆಡ್ಯೂಲ್) ಎನ್ನುತ್ತಾರೆ.

ಪಟ್ಟಿ ಬರೆಯಬೇಕಾದದ್ದು ಕಂಬಿಗೆ ಆರ್ಡರ್ ಕೊಡುವ ಮೊದಲು. ಲಾರಿ ಬಂದ ಮೇಲೆ ಬರೆದರೆ ಅದು ಬರೀ ಲೆಕ್ಕ ಒಪ್ಪಿಸುವ ಕಾಗದ.

ಒಂದೊಂದು ಸಾಲಿಗೆ ಎಂಟು ಕಾಲಂ ಸಾಕು: ಯಾವ ಭಾಗ (ಫೂಟಿಂಗ್, ಪಿಲ್ಲರ್, ಬೀಮ್, ಸ್ಲ್ಯಾಬ್), ಕಂಬಿಯ ಗುರುತು, ದಪ್ಪ, ಆಕಾರದ ಚಿತ್ರ, ಒಂದರ ಕತ್ತರಿಸುವ ಉದ್ದ, ಎಷ್ಟು, ಒಟ್ಟು ಉದ್ದ, ತೂಕ. ಗುರುತು ಎಂದರೆ ‘ಬೀಮ್ 2–ಕೆಳಗಿನದು’ ಎಂಬಂಥ ಚಿಕ್ಕ ಹೆಸರು. ಕತ್ತರಿಸಿದ ಕಟ್ಟಿಗೆ ಅದೇ ಗುರುತಿನ ತಗಡಿನ ಚೀಟಿ ಕಟ್ಟಿ. ಕಾಗದದ ಚೀಟಿ ನಮ್ಮ ಮಳೆಗೆ ನಿಲ್ಲುವುದಿಲ್ಲ.

ಮೊದಲು ಕವರ್ ತೀರ್ಮಾನಿಸಿ

ಎಲ್ಲ ಅಳತೆಯೂ ಕವರಿನಿಂದ ಶುರುವಾಗುತ್ತದೆ. ಕವರ್ ಎಂದರೆ ಕಾಂಕ್ರೀಟಿನ ಹೊರಮೈಯಿಂದ ಅತಿ ಹೊರಗಿನ ಕಂಬಿಯವರೆಗಿನ ದಪ್ಪ. ಬೀಮಿನಲ್ಲಿ ಅದು ರಿಂಗಿನವರೆಗೆ, ಒಳಗಿನ ದಪ್ಪ ಕಂಬಿಯವರೆಗೆ ಅಲ್ಲ. ಕಾಂಕ್ರೀಟಿನ ಭಾರತೀಯ ಮಾನಕ (ಐಎಸ್) 456:2000ರ ಪ್ರಕಾರ ಮಳೆಗೆ ಒಡ್ಡಿಕೊಂಡ ಕಾಂಕ್ರೀಟಿಗೆ 30 ಮಿ.ಮೀ. ಕವರ್, ಕನಿಷ್ಠ ಎಂ25 ದರ್ಜೆ (ಇದು ಕಾಂಕ್ರೀಟಿನ ಬಲದ ದರ್ಜೆ, ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ). ಕಡಲ ಕರೆಯ ವಾತಾವರಣಕ್ಕೆ ಒಡ್ಡಿಕೊಂಡದ್ದಕ್ಕೆ 45 ಮಿ.ಮೀ., ಕನಿಷ್ಠ ಎಂ30. ಪಿಲ್ಲರಿಗೆ ಕನಿಷ್ಠ 40, ಫೂಟಿಂಗಿಗೆ ಕನಿಷ್ಠ 50. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಮುಳ್ಳೇರಿಯದ ಮನೆಗೂ ಮಂಜೇಶ್ವರ, ಕುಂಬಳೆಯ ಕಡಲ ಬದಿಯ ಮನೆಗೂ ಒಂದೇ ಪಟ್ಟಿ ನಡೆಯುವುದಿಲ್ಲ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಹೊರಮೈಗೆ ಹತ್ತಿರವಿರುವ ರಿಂಗಿಗೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಒಳಗಿನಿಂದ ಒತ್ತಿ ಕಾಂಕ್ರೀಟನ್ನು ಸಿಡಿಸುತ್ತದೆ. ಬೀಮಿನ ಅಡಿಯಲ್ಲಿ ಉದ್ದಕ್ಕೆ ಕಾಣುವ ಬಿರುಕು, ಕಂದು ಕಲೆಗಳಲ್ಲಿ ಹೆಚ್ಚಿನವು ಇದರವೇ.

ರಿಂಗಿನ ಉದ್ದ: ಎಡವುವುದು ಇಲ್ಲೇ

230×450 ಮಿ.ಮೀ. ಬೀಮು, 30 ಕವರ್, 8 ಮಿ.ಮೀ. ರಿಂಗ್ ಎಂದುಕೊಳ್ಳೋಣ. ಕವರ್ ಕಳೆದರೆ ರಿಂಗಿನ ಹೊರ ಅಳತೆ 170×390.

ಸೈಟಿನಲ್ಲಿ ಎಲ್ಲರ ಬಾಯಲ್ಲಿರುವ ಸೂತ್ರ ಹೀಗೆ: ನಾಲ್ಕೂ ಬದಿಯ ಮೊತ್ತ 1120, ಎರಡು ಕೊಕ್ಕೆಗೆ ಹತ್ತು ಹತ್ತು ಪಟ್ಟು ದಪ್ಪ ಎಂದು 160 ಕೂಡಿಸು, ಮೂರು 90 ಡಿಗ್ರಿ ಬಾಗಿಗೆ ಎರಡೆರಡು ಪಟ್ಟು, ಎರಡು 135 ಡಿಗ್ರಿ ಬಾಗಿಗೆ ಮೂರು ಮೂರು ಪಟ್ಟು ಕಳೆ. ಬರುವುದು 1184. 12 ಮೀಟರ್ ಕಂಬಿಯಲ್ಲಿ ಸರಿಯಾಗಿ ಹತ್ತು ರಿಂಗ್. ಕೆಲಸದವರಿಗೂ ಸಮಾಧಾನ, ಮನೆಯವರಿಗೂ ಸಮಾಧಾನ.

ಆದರೆ ಆ ರಿಂಗನ್ನು ಬಗ್ಗಿಸಿ ಕೊಕ್ಕೆಯ ನೆಟ್ಟಗಿನ ಬಾಲವನ್ನು ಟೇಪಿನಲ್ಲಿ ಅಳೆದು ನೋಡಿ. ಸುಮಾರು 35 ಮಿ.ಮೀ. ಮಾತ್ರ ಉಳಿದಿರುತ್ತದೆ. ಭೂಕಂಪ ತಡೆಯುವ ಕಂಬಿ ಕಟ್ಟುವಿಕೆಯ ಐಎಸ್ 13920:2016 ಕೇಳುವುದು ಬಾಗು ಮುಗಿದ ಮೇಲೆ ದಪ್ಪದ ಆರು ಪಟ್ಟು, ಮತ್ತು 65 ಮಿ.ಮೀ.ಗೆ ಕಡಿಮೆಯಾಗದಷ್ಟು ಬಾಲ. ಹತ್ತು ಪಟ್ಟು ಎಂದು ಕೂಡಿಸಿದ್ದರಲ್ಲಿ ಹೆಚ್ಚಿನ ಪಾಲು 135 ಡಿಗ್ರಿ ತಿರುವಿಗೇ ಖರ್ಚಾಗಿ ಹೋಗಿರುತ್ತದೆ.

ಸರಿಯಾದ ಲೆಕ್ಕ ಇನ್ನೂ ಸುಲಭ. ರಿಂಗಿನ ಒಳ ಅಳತೆ ಹಿಡಿಯಿರಿ: 154×374. ಎರಡನ್ನೂ ಕೂಡಿಸಿ ಎರಡರಿಂದ ಗುಣಿಸಿದರೆ 1056. ಅದಕ್ಕೆ ದಪ್ಪದ 24 ಪಟ್ಟು, ಅಂದರೆ 192 ಸೇರಿಸಿ. 1248 ಬಂತು, 1250 ಎಂದು ಬರೆಯಿರಿ. ಬಗ್ಗಿಸುವ ಪಿನ್ನಿನ ವ್ಯಾಸ ಕಂಬಿಯ ನಾಲ್ಕು ಪಟ್ಟು, ಅಂದರೆ 32 ಮಿ.ಮೀ. ಇದ್ದರೆ ಈ ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. 6 ಮಿ.ಮೀ. ರಿಂಗಿಗೆ ಮಾತ್ರ 24 ಪಟ್ಟು ಸಾಲದು. ಅಲ್ಲಿ 180 ಮಿ.ಮೀ. ಸೇರಿಸಿ.

ಈಗ ಒಂದು ಕಂಬಿಯಲ್ಲಿ ಒಂಬತ್ತೇ ರಿಂಗ್, 750 ಮಿ.ಮೀ. ತುಂಡು ಉಳಿಯಿತು. ಹತ್ತನೆಯದರ ಆಸೆಗೆ 1200ಕ್ಕೆ ಕತ್ತರಿಸಬೇಡಿ. 230×150 ಲಿಂಟಲಿನ ರಿಂಗಿಗೆ ಇದೇ ಲೆಕ್ಕದಲ್ಲಿ 648 ಬೇಕು, ಉಳಿದ ತುಂಡು ಅದಕ್ಕೆ ಸರಿಹೋಗುತ್ತದೆ. ಪಟ್ಟಿ ಮೊದಲೇ ಇದ್ದರೆ ಹೀಗೆ ಜೋಡಿ ಕಾಣುತ್ತದೆ, ಇಲ್ಲದಿದ್ದರೆ ಆ ತುಂಡು ಗುಜರಿಗೆ ಹೋಗುತ್ತದೆ.

ಕೊಕ್ಕೆಗೆ ಇಷ್ಟು ಹಟ ಯಾಕೆಂದರೆ, ಭೂಕಂಪ ವಲಯಗಳನ್ನು ಹೇಳುವ ಐಎಸ್ 1893ರ 2016ರ ಆವೃತ್ತಿಯಲ್ಲಿ ಕೇರಳ ಇಡೀ ಮೂರನೇ ಭೂಕಂಪ ವಲಯದಲ್ಲಿದೆ. ನೆಲ ಅಲುಗಿದಾಗ ಮೊದಲು ಉದುರುವುದು ಕವರಿನ ಕಾಂಕ್ರೀಟ್. ಆಗ 90 ಡಿಗ್ರಿಯ ಕೊಕ್ಕೆಯೂ ಗಿಡ್ಡ ಬಾಲದ ಕೊಕ್ಕೆಯೂ ಬಿಚ್ಚಿಕೊಳ್ಳುತ್ತವೆ, ರಿಂಗ್ ಇದ್ದೂ ಇಲ್ಲದ ಹಾಗೆ. ಒಳಗಿನ ಗಟ್ಟಿ ಕಾಂಕ್ರೀಟಿನೊಳಕ್ಕೆ ಬಾಗಿ ಕೂತ ಕೊಕ್ಕೆ ಮಾತ್ರ ಹಿಡಿದು ನಿಲ್ಲುತ್ತದೆ. ಹಾಗಾಗಿ ಮೊದಲ ಒಂದು ರಿಂಗ್ ಬಗ್ಗಿಸಿ, ಅಳೆದು, ಅದನ್ನು ಮಾದರಿಯಾಗಿ ಕಟ್ಟಿ ಇಟ್ಟ ಮೇಲೆಯೇ ಉಳಿದವನ್ನು ಕತ್ತರಿಸಲು ಹೇಳಿ.

ಎಷ್ಟು ರಿಂಗ್

ಬೀಮಿನ ಒಟ್ಟು ಉದ್ದವನ್ನು ಒಂದೇ ಅಂತರದಿಂದ ಭಾಗಿಸುವುದು ತಪ್ಪು. ಪಿಲ್ಲರಿನ ಹತ್ತಿರ ರಿಂಗ್ ಒತ್ತಾಗಿರಬೇಕು. ಪಿಲ್ಲರಿನ ಒಳಮುಖದಿಂದ ಒಳಮುಖಕ್ಕೆ 3600 ಮಿ.ಮೀ., ಎರಡೂ ತುದಿಯ 900ರಲ್ಲಿ 90ಕ್ಕೊಂದು, ನಡುವೆ 150ಕ್ಕೊಂದು ಎಂದು ನಕ್ಷೆ ಹೇಳಿದರೆ: ಮೊದಲ ರಿಂಗ್ ಪಿಲ್ಲರಿನ ಮುಖದಿಂದ 50ರಲ್ಲಿ. ಅಲ್ಲಿಂದ 90ರಂತೆ ಹತ್ತು ಹೆಜ್ಜೆ ಹಾಕಿದರೆ 950ಕ್ಕೆ ಮುಟ್ಟುತ್ತೀರಿ, ರಿಂಗ್ ಹನ್ನೊಂದು. ಎರಡು ತುದಿಗೆ 22. ನಡುವೆ ಉಳಿದ 1700ಕ್ಕೆ ಹನ್ನೆರಡು ಅಂತರ, ಹೊಸ ರಿಂಗ್ 11. ಒಟ್ಟು 33. ತೂಕ 33×1.25×0.395 (8 ಮಿ.ಮೀ. ಕಂಬಿ ಮೀಟರಿಗೆ ಇಷ್ಟು ಕಿಲೋ), ಅಂದರೆ 16.3 ಕಿಲೋ, ಕತ್ತರಿಸಲು 12 ಮೀಟರಿನ ನಾಲ್ಕು ಕಂಬಿ.

ಸ್ಲ್ಯಾಬಿನಲ್ಲಿ ಅಗಲವನ್ನು ಅಂತರದಿಂದ ಭಾಗಿಸಿ ಒಂದು ಕೂಡಿಸಿ: 4200ಕ್ಕೆ 150ರಂತೆ 28, ಜೊತೆಗೆ ಒಂದು, 29. ಆ ಕೊನೆಯ ಒಂದನ್ನು ಮರೆತರೆ ಪ್ರತಿ ಕೋಣೆಗೆ ಒಂದು ಕಂಬಿ ಕಡಿಮೆ ಬರುತ್ತದೆ. 45 ಡಿಗ್ರಿಯ ಕ್ರ್ಯಾಂಕಿಗೆ (ಕೆಳಗಿನ ಕಂಬಿಯನ್ನು ಓರೆಯಾಗಿ ಮೇಲಕ್ಕೆ ಬಗ್ಗಿಸುವುದು) ಏರುವ ಎತ್ತರದ 0.42 ಪಾಲು ಉದ್ದ ಹೆಚ್ಚು ಬೇಕು. ಮನೆಯ ಸ್ಲ್ಯಾಬಿನಲ್ಲಿ ಅದು ಒಂದು ಬಾಗಿಗೆ 25–30 ಮಿ.ಮೀ., ಅಷ್ಟೇ.

ಜೋಡಣೆ ಮತ್ತು ಹಿಡಿತ

ಕಂಬಿಗೆ ಕಂಬಿ ಸೇರಿಸುವಲ್ಲಿ ಎಷ್ಟು ಉದ್ದ ಒಂದರ ಮೇಲೊಂದು ಬರಬೇಕು ಎಂಬುದು ಕಾಂಕ್ರೀಟಿನ ದರ್ಜೆಯ ಮೇಲೆ ನಿಂತಿದೆ. ಎಫ್‌ಇ 500 (ಕಬ್ಬಿಣದ ಬಲದ ದರ್ಜೆ) ಕಂಬಿಗೆ ಎಂ20 ಕಾಂಕ್ರೀಟಿನಲ್ಲಿ ದಪ್ಪದ 57 ಪಟ್ಟು, ಎಂ25ರಲ್ಲಿ 49, ಎಂ30ರಲ್ಲಿ 46. ‘ಎಲ್ಲದಕ್ಕೂ ನಲವತ್ತು ಪಟ್ಟು’ ಎಂಬ ರೂಢಿ ಎಳೆತದ ಕಡೆಯ ಕಂಬಿಗೆ ಸಾಲದು. 16 ಮಿ.ಮೀ. ಪಿಲ್ಲರ್ ಕಂಬಿಗೆ ಎಂ25ರಲ್ಲಿ 784, ಪಟ್ಟಿಯಲ್ಲಿ 800 ಎಂದು ಬರೆಯಿರಿ. ಪಿಲ್ಲರಿನಲ್ಲಿ ಜೋಡಣೆ ಬರಬೇಕಾದದ್ದು ಎತ್ತರದ ನಡುವಿನ ಅರ್ಧ ಭಾಗದಲ್ಲಿ, ಸ್ಲ್ಯಾಬಿನಿಂದ ಎದ್ದ ತಕ್ಷಣ ಅಲ್ಲ. ಹಾಗಾಗಿ ಫೂಟಿಂಗಿನಿಂದ ಏಳುವ ಮೊದಲ ಕಂಬಿಯ ಉದ್ದವನ್ನೇ ಅದಕ್ಕೆ ತಕ್ಕಂತೆ ಬರೆಯಬೇಕು. ಆಮೇಲೆ ಸರಿಮಾಡಲು ದಾರಿಯಿಲ್ಲ. ಒಂದೇ ಮಟ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಕಂಬಿ ಜೋಡಿಸಬಾರದು.

ಕತ್ತರಿಸುವ ಯೋಜನೆ

ಪಟ್ಟಿ ಮುಗಿದ ಮೇಲೆ ಒಂದೇ ದಪ್ಪದ ಎಲ್ಲ ಉದ್ದಗಳನ್ನೂ ಒಂದು ಹಾಳೆಗೆ ತನ್ನಿ. 16 ಮಿ.ಮೀ.ನಲ್ಲಿ ಬೀಮಿಗೆ 5.25 ಮೀ., ಪಿಲ್ಲರಿಗೆ 3.8 ಮೀ., ನಡು ಪಿಲ್ಲರಿನ ಮೇಲೆ ಹಾಯುವ ಹೆಚ್ಚುವರಿ ಕಂಬಿಗೆ 2.1 ಮೀ. ಬೇಕು ಎನ್ನಿ. ಒಂದೊಂದನ್ನೇ ಪ್ರತ್ಯೇಕ ಕತ್ತರಿಸಿದರೆ ಕಂಬಿಗೆ ಕ್ರಮವಾಗಿ 1.5, 0.6, 1.5 ಮೀಟರ್ ಹಾಳು. ಒಂದು 5.25 ಮತ್ತು ಮೂರು 2.1 ಒಂದೇ ಕಂಬಿಯಲ್ಲಿ ತೆಗೆದರೆ ಉಳಿಯುವುದು 0.45. ಎರಡು 3.8 ಮತ್ತು ಎರಡು 2.1 ತೆಗೆದರೆ 0.2 ಮಾತ್ರ. ಯಾವಾಗಲೂ ಉದ್ದದ್ದನ್ನು ಮೊದಲು ಕತ್ತರಿಸಿ, ಗಿಡ್ಡದ್ದನ್ನು ಉಳಿಕೆಯಲ್ಲಿ ಹುಡುಕಿ. ಕೆಲಸದವರು ಸಹಜವಾಗಿ ಅಂದು ಕಟ್ಟುವ ಕೆಲಸದ ತುಂಡನ್ನು ಮೊದಲು ಕತ್ತರಿಸುತ್ತಾರೆ. ಫೂಟಿಂಗಿಗೆಂದು ಹೊಸ ಕಂಬಿಗಳನ್ನೆಲ್ಲ ತುಂಡು ಮಾಡಿದ ಮೇಲೆ ಬೀಮಿಗೆ ಜೋಡಣೆ ಬೀಳುವುದು ಹೀಗೆಯೇ.

ಆರ್ಡರ್, ತೂಕ, ದಾಸ್ತಾನು

ಮೀಟರಿನ ತೂಕಕ್ಕೆ ದಪ್ಪವನ್ನು ದಪ್ಪದಿಂದಲೇ ಗುಣಿಸಿ 162ರಿಂದ ಭಾಗಿಸಿ. 8 ಮಿ.ಮೀ.ಗೆ 0.395 ಕಿಲೋ, 10ಕ್ಕೆ 0.617, 12ಕ್ಕೆ 0.89, 16ಕ್ಕೆ 1.58, 20ಕ್ಕೆ 2.47. ಅಂಗಡಿಗೆ ತೂಕವನ್ನೂ ಹೇಳಿ, ಕಂಬಿಯ ಸಂಖ್ಯೆಯನ್ನೂ ಹೇಳಿ. ಬೆಲೆ ತೂಕಕ್ಕೆ, ಆದರೆ ಕೆಲಸ ನಡೆಯುವುದು ಸಂಖ್ಯೆಯ ಮೇಲೆ: ಕಂಬಿ ದಪ್ಪ ಮೀರಿದ್ದರೆ ಅದೇ ತೂಕಕ್ಕೆ ಎಣಿಕೆ ಕಡಿಮೆ ಬರುತ್ತದೆ; ಸಪೂರವಿದ್ದರೆ ಎಣಿಕೆ ಸರಿಯಾಗಿ ಬಂದರೂ ಬೀಮಿನಲ್ಲಿ ಕಬ್ಬಿಣ ಕಡಿಮೆಯಾಗುತ್ತದೆ. ಕಂಬಿಯ ಮಾನಕ ಐಎಸ್ 1786 ತೂಕದಲ್ಲಿ ಬಿಡುವ ವ್ಯತ್ಯಾಸ 10 ಮಿ.ಮೀ.ವರೆಗೆ ಶೇ. 7, ಅದರ ಮೇಲೆ 16ರವರೆಗೆ ಶೇ. 5, ಇನ್ನೂ ದಪ್ಪದ್ದಕ್ಕೆ ಶೇ. 3. 16 ಮಿ.ಮೀ.ನ ಹತ್ತು ಕಂಬಿ 190 ಕಿಲೋ ತೂಗಬೇಕು. 180 ತೂಗಿದರೆ ಇಳಿಸಿಕೊಳ್ಳಬೇಡಿ. ಕಟ್ಟುವ ತಂತಿಗೆ ಟನ್ನಿಗೆ ಸುಮಾರು 10 ಕಿಲೋ ಹಿಡಿಯಿರಿ.

ಇಡವ (ಮಳೆಗಾಲ ಶುರುವಾಗುವ ಮಲಯಾಳ ತಿಂಗಳು) ಬರುವವರೆಗೆ ಬೇಕಾದ್ದನ್ನು ಒಮ್ಮೆಲೇ ತರಿಸಿ ಅಂಗಳದಲ್ಲಿ ಹಾಕಬೇಡಿ. ಕೆಂಪುಕಲ್ಲು ಅಡಿಗಿಟ್ಟು, ಶೀಟು ಹೊದೆಸಿ, ದಪ್ಪದ ಪ್ರಕಾರ ಬೇರೆ ಬೇರೆ ಪೇರಿಸಿ. ತೆಳುವಾದ ಕೆಂಪು ತುಕ್ಕಿಗೆ ಹೆದರಬೇಕಿಲ್ಲ, ಉಜ್ಜಿದರೆ ಪದರವಾಗಿ ಏಳುವ ತುಕ್ಕು ಬೇಡ.

ವಾರ್ಪಿನ (ಕಾಂಕ್ರೀಟ್ ಹಾಕುವ) ಹಿಂದಿನ ದಿನ

ಪಟ್ಟಿ ಕೈಯಲ್ಲಿ ಹಿಡಿದು ಎಣಿಸಿ, ಟೇಪು ಹಿಡಿದು ಅಳೆಯಿರಿ. ರಿಂಗಿನ ಕೊಕ್ಕೆಗಳು ಒಂದೇ ಮೂಲೆಯಲ್ಲಿ ಸಾಲಾಗಿ ಬಂದಿದ್ದರೆ ಒಂದು ಬಿಟ್ಟು ಒಂದನ್ನು ತಿರುಗಿಸಿ. ಕವರಿಗೆ ಕೆಂಪುಕಲ್ಲಿನ ಚೂರು ಇಟ್ಟಿದ್ದರೆ ತೆಗೆಸಿ, ಅದು ನೀರು ಹೀರಿ ಕಂಬಿಗೆ ಮುಟ್ಟಿಸುತ್ತದೆ. ಕಾಂಕ್ರೀಟಿನದೇ ಬ್ಲಾಕ್ ಬೇಕು.

ಸನ್‌ಶೇಡನ್ನು ಕೊನೆಗೆ, ಬಿಡುವಾಗಿ ನೋಡಿ. ಅದರ ಮುಖ್ಯ ಕಂಬಿ ಇರಬೇಕಾದದ್ದು ಮೇಲ್ಭಾಗದಲ್ಲಿ. ಪಟ್ಟಿಯಲ್ಲಿ ಅದನ್ನು ಎತ್ತಿ ಹಿಡಿಯಲು ಕುರ್ಚಿ ಕಂಬಿ ಎಂದು ಬೇರೆ ಸಾಲೇ ಬರೆದು, ಮೀಟರಿಗೊಂದರಂತೆ ಎಣಿಸಿಡಿ. ಕುರ್ಚಿ ಇಲ್ಲದ ಕಂಬಿ ಬಾಣಲೆ ಹೊತ್ತವರ ಕಾಲಡಿಯಲ್ಲಿ ಹಲಗೆಗೆ ಇಳಿಯುತ್ತದೆ, ಹಲಗೆ ಬಿಚ್ಚಿದ ದಿನ ಸನ್‌ಶೇಡ್ ಗೋಡೆಯ ಬುಡದಲ್ಲೇ ಬಿರಿಯುತ್ತದೆ. ವಾರ್ಪು ನಡೆಯುವಾಗ ಅಲ್ಲಿ ನಡೆದಾಡಲು ಬೇರೆ ಹಲಗೆ ಹಾಕಿಸಿ, ಕಾಂಕ್ರೀಟ್ ಬೀಳುವ ಹೊತ್ತಿಗೆ ಒಬ್ಬರು ಅಲ್ಲೇ ನಿಂತು ಕಂಬಿಯ ಮಟ್ಟ ನೋಡುತ್ತಿರಲಿ.