ಚೆಸ್960ರಲ್ಲಿ ಎಂಜಿನ್ ಟೆಸ್ಟ್ ಮಾಡೋದು ಹೇಗೆ? ಸ್ಕೋರ್ ನೋಡೋಕೆ ಮೊದ್ಲು ಕ್ಯಾಸ್ಲಿಂಗ್ ನೋಡಿ

ಯಾವ ಚೆಸ್ ಎಂಜಿನ್ (ಅಂದ್ರೆ ಚೆಸ್ ಆಡೋ ಸಾಫ್ಟ್‌ವೇರ್) ಸ್ಟ್ರಾಂಗು ಅಂತ ಯಾರನ್ನ ಕೇಳಿದ್ರೂ ಥಟ್ ಅಂತ ಸ್ಟಾಕ್‌ಫಿಶ್ ಅಂತಾರೆ, ತಪ್ಪೇನಿಲ್ಲ. ಆದ್ರೆ ಎರಡನೇದು ಯಾವ್ದು, ಐದನೇದು ಯಾವ್ದು, ನೀವೇ ಬರೆದಿರೋ ಎಂಜಿನ್ ಹೋದ ತಿಂಗಳಿಗಿಂತ ಈ ತಿಂಗಳು ಸುಧಾರಿಸಿದ್ಯಾ ಅನ್ನೋ ಪ್ರಶ್ನೆಗೆಲ್ಲ ಮಾಮೂಲಿ ಚೆಸ್ಸಿನ ರೇಟಿಂಗ್ ಲಿಸ್ಟ್ ಇಟ್ಕೊಂಡು ಚೆಸ್960ಗೆ ಉತ್ತರ ಹೇಳೋಕಾಗಲ್ಲ. ಮನುಷ್ಯರಲ್ಲೇ ನೋಡಿ, 2019ರಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆಯ ಮೊದಲ ಅಧಿಕೃತ ಫಿಷರ್ ರಾಂಡಮ್ (ಚೆಸ್960ದೇ ಇನ್ನೊಂದು ಹೆಸರು) ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್‌ನ ವೆಸ್ಲಿ ಸೋ 13.5-2.5 ಪಾಯಿಂಟ್‌ಗಳಿಂದ ಸೋಲಿಸ್ಬಿಟ್ರು. ಎಂಜಿನ್‌ಗಳನ್ನ ಹೋಲಿಸೋ ಸಿಸಿಆರ್‌ಎಲ್ ತಂಡ ಕೂಡ ಈ ಆಟಕ್ಕೆ ಬೇರೆ ಲಿಸ್ಟನ್ನೇ ಇಟ್ಟಿದೆ.

ಗೊತ್ತಿಲ್ದೇ ಇರೋರಿಗೆ ಚುಟುಕಾಗಿ: ಬಾಬಿ ಫಿಷರ್ 1996ರ ಜೂನ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಘೋಷಣೆ ಮಾಡಿದ ಆಟ ಇದು. ಹಿಂದಿನ ಸಾಲಿನ ಕಾಯಿಗಳನ್ನ ಕಲಸಿ ಇಡ್ತಾರೆ, ಎರಡು ಒಂಟೆ ಬೇರೆ ಬೇರೆ ಬಣ್ಣದ ಮನೇಲಿರ್ಬೇಕು, ರಾಜ ಎರಡು ಆನೆಗಳ ಮಧ್ಯೆ ಇರ್ಬೇಕು, ಅಷ್ಟೇ ಷರತ್ತು. ಹಾಗೆ ಲೆಕ್ಕ ಹಾಕಿದ್ರೆ 960 ಆರಂಭಿಕ ಪೊಸಿಷನ್ ಸಿಗುತ್ತೆ, 0ಯಿಂದ 959ರವರೆಗೆ ನಂಬರ್ ಇದೆ, ನಾವು ದಿನಾ ಆಡೋ ಜೋಡಣೆ ಅದ್ರಲ್ಲಿ 518ನೇದು.

ಏನೇನು ಬೇಕು

ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಆಟ ಆಡ್ಸೋಕೆ ಕ್ಯೂಟ್‌ಚೆಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಗಿಟ್‌ಹಬ್‌ನಲ್ಲಿ ಸಿಗುತ್ತೆ, ಕಿಟಕಿ-ಬಟನ್ ಇರೋ ರೂಪದಲ್ಲೂ ಬರುತ್ತೆ, ಕಮಾಂಡ್ ಲೈನ್ ರೂಪದಲ್ಲೂ ಬರುತ್ತೆ. ಅದೇ ಕೆಲಸ ಮಾಡೋ ಫಾಸ್ಟ್‌ಚೆಸ್ ಅಂತ ಇನ್ನೊಂದಿದೆ, ಅದು ಕಮಾಂಡ್ ಲೈನ್ ಮಾತ್ರ. ಎಂಜಿನ್‌ಗಳ ಪೈಕಿ ಸ್ಟಾಕ್‌ಫಿಶ್, ಬರ್ಸರ್ಕ್, ಎಥೀರಿಯಲ್ ಎಲ್ಲಾ ಚೆಸ್960 ಆಡ್ತವೆ. ಎಲ್‌ಸಿ0 ಕೂಡ ಆಡುತ್ತೆ, ಆದ್ರೆ ಅದಕ್ಕೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು, ಆ ಕಾರ್ಡಿಗೂ ನಿಮ್ಮ ಪ್ರೊಸೆಸರ್‌ಗೂ ಹೋಲಿಕೆ ನ್ಯಾಯಾನಾ ಅನ್ನೋ ಜಗಳ ಶುರುವಾದ್ರೆ ಮುಗಿಯಲ್ಲ, ಮೊದಲ ಸಲಕ್ಕೆ ಬಿಟ್ಬಿಡಿ.

ಎಂಜಿನ್ ಸೇರಿಸಿದ ಮೇಲೆ ಅದರ ಆಪ್ಶನ್ ಪಟ್ಟಿ ತೆಗೆದು ಯುಸಿಐ ಚೆಸ್960 (UCI_Chess960) ಅನ್ನೋ ಹೆಸರಿನ ಸಾಲು ಇದ್ಯಾ ನೋಡಿ. ಇಲ್ಲಾಂದ್ರೆ ಆ ಎಂಜಿನ್‌ಗೆ ಈ ಆಟ ಬರಲ್ಲ, ಬಲವಂತ ಮಾಡ್ಬೇಡಿ. ಇದ್ರೆ ಕ್ಯೂಟ್‌ಚೆಸ್‌ನಲ್ಲಿ ವೇರಿಯಂಟ್ ಜಾಗದಲ್ಲಿ ಫಿಷರಾಂಡಮ್ ಆರಿಸಿದ್ರೆ ಸಾಕು, ಆ ಆಪ್ಶನ್‌ನ ಅದೇ ಆನ್ ಮಾಡ್ಕೊಳ್ಳುತ್ತೆ.

ಕ್ಯಾಸ್ಲಿಂಗ್ ಪರೀಕ್ಷೆ

ಇಲ್ಲಿ ಆತುರ ಬೇಡ. ಕ್ಯಾಸ್ಲಿಂಗ್ ಅಂದ್ರೆ ರಾಜನ್ನೂ ಆನೆಯನ್ನೂ ಒಂದೇ ನಡೇಲಿ ಸರಿಸೋದು. ಚೆಸ್960ರಲ್ಲಿ ರಾಜ-ಆನೆ ಎಲ್ಲಿಂದಾನೇ ಹೊರಡ್ಲಿ, ಕ್ಯಾಸ್ಲಿಂಗ್ ಮುಗಿದ ಮೇಲೆ ನಿಲ್ಲೋದು ಮಾಮೂಲಿ ಜಾಗದಲ್ಲೇ: ಬಿಳಿಗೆ ಒಂದು ಕಡೆ ಆದ್ರೆ ರಾಜ ಜಿ1, ಆನೆ ಎಫ್1, ಇನ್ನೊಂದು ಕಡೆ ಆದ್ರೆ ರಾಜ ಸಿ1, ಆನೆ ಡಿ1. ಕೇಳೋಕೆ ಸುಲಭ. ಆದ್ರೆ ರಾಜ ಎಫ್1ನಲ್ಲಿದ್ದು ಎಂಜಿನ್ "ಎಫ್1ರಿಂದ ಜಿ1" ಅಂದ್ರೆ ಅದು ಕ್ಯಾಸ್ಲಿಂಗಾ, ಸುಮ್ನೆ ಒಂದ್ಮನೆ ಸರಿದಿದ್ದಾ, ಹೇಗೆ ಹೇಳ್ತೀರ? ಅದಕ್ಕೇ ಚೆಸ್960 ಮೋಡ್‌ನಲ್ಲಿ ಕ್ಯಾಸ್ಲಿಂಗ್‌ನ ರಾಜ ತನ್ನದೇ ಆನೆಯನ್ನ ಹೊಡೆದ ಹಾಗೆ ಬರೀತಾರೆ, ರಾಜ ಎಫ್1, ಆನೆ ಎಚ್1 ಇದ್ರೆ "ಎಫ್1ರಿಂದ ಎಚ್1" ಅಂತ. ಒಂದು ಎಂಜಿನ್ ಹಳೇ ಥರ ಬರೀತಾ ಇನ್ನೊಂದು ಹೊಸ ಥರ ಓದ್ತಾ ಇದ್ರೆ ಆಟ ಅಲ್ಲೇ ಹಳ್ಳ ಹಿಡೀತು ಅಂತ ಲೆಕ್ಕ.

ಇನ್ನೊಂದು ಕಡೆ ಚೆನ್ನಾಗಿರೋ ಎಂಜಿನ್ನೂ ಎಡವುತ್ತೆ. ಬಿಳಿ ರಾಜ ಸಿ1, ಬಿಳಿ ಆನೆ ಬಿ1, ಮೂಲೇಲಿ ಎ1ನಲ್ಲಿ ಕರಿ ಆನೆ ಬಂದು ಕೂತಿದೆ ಅನ್ಕೊಳ್ಳಿ. ರಾಜನಿಗೆ ಈಗ ಚೆಕ್ ಇಲ್ಲ, ಮಧ್ಯೆ ತನ್ನ ಆನೆ ಅಡ್ಡ ಇದೆ. ಕ್ಯಾಸ್ಲಿಂಗ್ ಮಾಡಿದ್ರೆ ರಾಜ ಇದ್ದಲ್ಲೇ ಇರ್ತಾನೆ, ಆನೆ ಮಾತ್ರ ಬಿ1ರಿಂದ ಡಿ1ಗೆ ಹಾರುತ್ತೆ, ಅಡ್ಡ ಇದ್ದ ಗೋಡೆ ಹೋಯ್ತು, ರಾಜನಿಗೆ ಚೆಕ್! ಹಾಗಾಗಿ ಈ ನಡೆ ಇಲ್ಲೀಗಲ್. ರಾಜ ಹಾದುಹೋಗೋ ಮನೆಗಳಿಗೆ ಹೊಡೆತ ಇದ್ಯಾ ಅಂತ ಮಾತ್ರ ನೋಡೋ ಕೋಡು ಇದನ್ನ ಆರಾಮಾಗಿ ಬಿಟ್ಬಿಡುತ್ತೆ, ಯಾಕಂದ್ರೆ ಮಾಮೂಲಿ ಚೆಸ್ಸಲ್ಲಿ ಈ ಪರಿಸ್ಥಿತಿ ಬರೋದೇ ಇಲ್ಲ.

ಇಂಥಾ ಬಗ್ ಹಿಡಿಯೋಕೆ ಪರ್ಫ್ಟ್ ಅನ್ನೋ ಲೆಕ್ಕ ಇದೆ. ಒಂದು ಪೊಸಿಷನ್‌ನಿಂದ ಇಷ್ಟು ನಡೆ ಆಳದವರೆಗೆ ಒಟ್ಟು ಎಷ್ಟು ಕಾನೂನುಬದ್ಧ ದಾರಿ ಇದೆ ಅಂತ ಎಂಜಿನ್ ಎಣಿಸಿ ಹೇಳುತ್ತೆ. 518ನೇ ಪೊಸಿಷನ್‌ನಲ್ಲಿ ಉತ್ತರ ಎಲ್ಲರಿಗೂ ಗೊತ್ತು (ಬಿಳಿ ನಡೆ, ಕಪ್ಪು ನಡೆ ಬೇರೆ ಬೇರೆ ಎಣಿಸಿ): 1 ನಡೆಗೆ 20, 2ಕ್ಕೆ 400, 3ಕ್ಕೆ 8,902, 4ಕ್ಕೆ 1,97,281, 5ಕ್ಕೆ 48,65,609. ಚೆಸ್960 ಮೋಡ್ ಆನ್ ಮಾಡಿಯೂ ಇದೇ ಬರ್ಬೇಕು. ಆದ್ರೆ ಇದಿಷ್ಟಕ್ಕೇ ಖುಷಿ ಪಡ್ಬೇಡಿ, ಇಲ್ಲಿ ಐದು ನಡೆಯೊಳಗೆ ಕ್ಯಾಸ್ಲಿಂಗ್ ಬರೋದೇ ಇಲ್ಲ. ರಾಜ-ಆನೆ ಪಕ್ಕಪಕ್ಕ ಇರೋ, ಮಧ್ಯದ ಮನೆಗಳು ಖಾಲಿಯಾಗಿರೋ ಪೊಸಿಷನ್‌ಗಳನ್ನ ಕೊಟ್ಟು, ಮೇಲೆ ಹೇಳಿದ ಮೂಲೆ ಆನೆಯದ್ದನ್ನೂ ಸೇರಿಸಿ, ಸ್ಟಾಕ್‌ಫಿಶ್ ಹೇಳೋ ಸಂಖ್ಯೆ ಜೊತೆ ತಾಳೆ ನೋಡಿ. ಒಂದೇ ಒಂದು ವ್ಯತ್ಯಾಸ ಬಂದ್ರೂ ಮ್ಯಾಚ್ ಶುರು ಮಾಡ್ಬಾರ್ದು.

ಯಾವ ಪೊಸಿಷನ್‌ನಿಂದ ಆಡಿಸ್ಬೇಕು

960 ಪೊಸಿಷನ್‌ಗಳೂ ಒಂದೇ ಥರ ಇರಲ್ಲ, ಕೆಲವದ್ರಲ್ಲಿ ಮೊದಲ ನಡೆಯವರಿಗೆ ಜಾಸ್ತಿ ಲಾಭ. ಅದಕ್ಕೆ ಒಂದೇ ನಿಯಮ: ಒಂದೊಂದು ಪೊಸಿಷನ್‌ನೂ ಎರಡು ಸಲ ಆಡಿಸಿ, ಎರಡನೇ ಸಲ ಬಣ್ಣ ಅದಲುಬದಲು. ಕ್ಯೂಟ್‌ಚೆಸ್‌ನಲ್ಲಿ ಓಪನಿಂಗ್ ಫೈಲ್ (ಆರಂಭಿಕ ಪೊಸಿಷನ್‌ಗಳ ಪಟ್ಟಿ) ಕೊಟ್ಟು, ಆರ್ಡರ್ ರಾಂಡಮ್ ಇಟ್ಟು, ರಿಪೀಟ್ ಆನ್ ಮಾಡಿ, ರೌಂಡಿಗೆ 2 ಗೇಮ್ ಹಾಕಿದ್ರೆ ಇದು ತಾನಾಗೇ ನಡೆಯುತ್ತೆ.

ಸ್ಟ್ರಾಂಗ್ ಎಂಜಿನ್‌ಗಳಾದ್ರೆ ಇನ್ನೊಂದು ತಲೆನೋವು, ಡ್ರಾ ಮೇಲೆ ಡ್ರಾ. ಅದಕ್ಕೆ ಡಬಲ್ ಫಿಷರ್ ರಾಂಡಮ್ ಅಂತ ಮಾಡ್ತಾರೆ, ಬಿಳಿಗೊಂದು ಜೋಡಣೆ ಕಪ್ಪಿಗೆ ಇನ್ನೊಂದು, ಒಟ್ಟು 960 ಗುಣಿಸು 960 ಅಂದ್ರೆ 9,21,600 ಪೊಸಿಷನ್. ಸ್ಟಾಕ್‌ಫಿಶ್ ಪ್ರಾಜೆಕ್ಟಿನ ಓಪನಿಂಗ್ ಸಂಗ್ರಹದಲ್ಲಿ ಇದರ ಫೈಲ್ ರೆಡಿ ಸಿಗುತ್ತೆ. ನನ್ನ ಕೇಳಿದ್ರೆ ಮೊದಲ ಟೆಸ್ಟ್ ಮಾಮೂಲಿ 960ರಲ್ಲೇ ಮಾಡಿ, ನಿಮಗೆ ಬೇಕಾಗಿರೋದು ಆ ಆಟದ ಬಲ ತಾನೇ.

ಪೊಸಿಷನ್ ಬದಲಾದ್ರೆ ಎಂಜಿನ್ ತಲೆ ಯಾಕೆ ಕೆಡುತ್ತೆ ಅನ್ನೋದಕ್ಕೆ ಒಂದು ಮಜವಾದ ಉದಾಹರಣೆ ಇದೆ. ಒಂಟೆ ಎ1 ಮೂಲೇಲಿ, ಅದರ ಮುಂದೆ ಬಿ2ನಲ್ಲಿ ತನ್ನದೇ ಪಾನ್, ಆ ಪಾನ್ ಮುಂದೆ ಬಿ3ನಲ್ಲಿ ಇನ್ನೊಂದು ಕಾಯಿ, ಒಂಟೆ ಜೈಲಲ್ಲಿ. ಮಾಮೂಲಿ ಚೆಸ್ಸಲ್ಲಿ ಒಂಟೆ ಹುಟ್ಟೋದೇ ಮೂಲೇಲಲ್ಲ, ಹಾಗಾಗಿ ಆ ಆಟಗಳಿಂದಲೇ ಕಲಿತ ನ್ಯೂರಲ್ ನೆಟ್ವರ್ಕಿಗೆ ಇದು ಎಷ್ಟು ಕೆಟ್ಟದ್ದು ಅಂತ ಹೊಳೆಯೋದು ಕಷ್ಟ. ಸ್ಟಾಕ್‌ಫಿಶ್‌ನೋರು ನೆಟ್ವರ್ಕ್ ಬಂದ ಹೊಸದ್ರಲ್ಲಿ ಇದೊಂದಕ್ಕೇ ಅಂತ ಕೋಡಲ್ಲಿ ಪ್ರತ್ಯೇಕ ತೇಪೆ ಹಾಕಿದ್ರು, ಆಮೇಲೆ ಟ್ರೇನಿಂಗ್ ಡೇಟಾಗೇ ಡಬಲ್ ಫಿಷರ್ ರಾಂಡಮ್ ಆಟಗಳನ್ನ ಸೇರಿಸಿದ್ರು. ನಿಮ್ಮ ಟೆಸ್ಟಲ್ಲಿ ಒಂದು ಎಂಜಿನ್ ಮಾಮೂಲಿ ಚೆಸ್ಸಿಗಿಂತ ತೀರಾ ಹಿಂದೆ ಬಿದ್ರೆ, ಮೂಲೆ ಒಂಟೆ ಇರೋ ಗೇಮ್‌ಗಳನ್ನ ತೆಗೆದು ನೋಡಿ.

ಟೈಮು, ಕೋರು, ಕರೆಂಟು

10 ಸೆಕೆಂಡ್ ಪ್ಲಸ್ ನಡೆಗೆ 0.1 ಸೆಕೆಂಡ್, ಸ್ಟಾಕ್‌ಫಿಶ್ ಟೆಸ್ಟಿಂಗಲ್ಲಿ ಬಹಳ ಬಳಸೋ ಟೈಮ್ ಕಂಟ್ರೋಲ್ ಅದು, ನಿಮಗೂ ಸಾಕು. ಎರಡು ಎಂಜಿನ್‌ಗೂ ಥ್ರೆಡ್ 1, ಹ್ಯಾಶ್ (ಎಂಜಿನ್ ಬಳಸೋ ಮೆಮೊರಿ) ಒಂದೇ ಅಳತೆ, ಪಾಂಡರ್ (ಎದುರಾಳಿ ಸರದೀಲೂ ಯೋಚಿಸೋದು) ಆಫ್. ಐದು ಕೋರ್ ಇದ್ರೆ ನಾಲ್ಕು ಗೇಮ್ ಒಟ್ಟಿಗೆ, ಒಂದು ಕೋರ್ ಖಾಲಿ ಬಿಡಿ. 60 ನಡೆಯ ಒಂದು ಗೇಮು ಸುಮಾರು ಅರ್ಧ ನಿಮಿಷ ತಗೊಳ್ಳುತ್ತೆ, ನಾಲ್ಕು ಒಟ್ಟಿಗೆ ಓಡಿದ್ರೆ 1000 ಗೇಮ್‌ಗೆ ಎರಡು ಗಂಟೆ ಮೇಲೆ ಸ್ವಲ್ಪ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲೇ ಇರ್ಲಿ, ಪವರ್ ಸೇವಿಂಗ್ ಆಫ್ ಇರ್ಲಿ. ಮಳೆಗಾಲದಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡೋ ಊರಾದ್ರೆ ಯುಪಿಎಸ್ ಇದ್ದಾಗ ಮಾತ್ರ ಓಡ್ಸಿ, ಬ್ಯಾಟರಿಗೆ ಬಿದ್ದ ತಕ್ಷಣ ಪ್ರೊಸೆಸರ್ ನಿಧಾನ ಆಗಿ ಎಂಜಿನ್‌ಗಳು ಟೈಮಲ್ಲಿ ಸೋಲ್ಬಹುದು.

ಮೊದಲು 20 ಗೇಮ್ ಮಾತ್ರ ಆಡಿಸಿ ಪಿಜಿಎನ್ ಫೈಲ್ (ಆಡಿದ ನಡೆಗಳ ದಾಖಲೆ) ತೆರೆದು ಗೇಮ್ ಹೇಗೆ ಮುಗೀತು ಅನ್ನೋ ಸಾಲುಗಳನ್ನ ಓದಿ. ಇಲ್ಲೀಗಲ್ ಮೂವ್, ಟೈಮ್ ಫಾರ್ಫಿಟ್, ಸಂಪರ್ಕ ಕಡಿದಿದ್ದು ಅಂತ ಕಂಡ್ರೆ ನಿಲ್ಸಿ ಕಾರಣ ಹುಡುಕಿ. ಇದನ್ನ ಬಿಟ್ಟು 1000 ಗೇಮ್ ಆದ್ಮೇಲೆ ನೋಡಿದ್ರೆ ನೀವು ಅಳೆದಿದ್ದು ಚೆಸ್ ಅಲ್ಲ, ಬಗ್.

ಸ್ಕೋರ್ ನಂಬೋದು ಯಾವಾಗ

100 ಗೇಮಲ್ಲಿ 55-45 ಬಂತು ಅನ್ಕೊಳ್ಳಿ. ಲೆಕ್ಕದ ಪ್ರಕಾರ 35 ಎಲೋ (ಚೆಸ್ ಬಲ ಅಳೆಯೋ ರೇಟಿಂಗ್ ಪಾಯಿಂಟ್) ಮುಂದೆ. ಆದ್ರೆ ಅರ್ಧ ಗೇಮ್ ಡ್ರಾ ಆಗಿದ್ರೆ 100 ಗೇಮಿನ ಎರರ್ (ಅಂದಾಜು ಆಚೀಚೆ ಹೋಗೋ ಅಳತೆ) ಹೆಚ್ಚುಕಮ್ಮಿ 48 ಎಲೋ, ಅಂದ್ರೆ ಇಬ್ರೂ ಸಮ ಇರೋ ಸಾಧ್ಯತೆ ಹೋಗಿಲ್ಲ, ಸೋತಿದ್ದೇ ಸ್ಟ್ರಾಂಗ್ ಇದ್ರೂ ಇರ್ಬಹುದು. 1000 ಗೇಮ್ ಆದ್ರೆ ಎರರ್ ಸುಮಾರು 15ಕ್ಕೆ ಇಳಿಯುತ್ತೆ. ಅರ್ಧಕ್ಕಿಳಿಸ್ಬೇಕು ಅಂದ್ರೆ ನಾಲ್ಕು ಪಟ್ಟು ಗೇಮ್ ಬೇಕು, 4000ಕ್ಕೆ ಏಳೂವರೆ ಆಸುಪಾಸು.

ನಿಮ್ಮದೇ ಎಂಜಿನ್‌ಗೆ ಸಣ್ಣ ಬದಲಾವಣೆ ಮಾಡಿ ಪರೀಕ್ಷಿಸ್ತಿದ್ರೆ ಗೇಮ್ ಸಂಖ್ಯೆ ಮೊದಲೇ ಗೊತ್ತು ಮಾಡ್ಕೊಳ್ಳೋ ಬದ್ಲು ಎಸ್‌ಪಿಆರ್‌ಟಿ (ಸಾಕಷ್ಟು ಪುರಾವೆ ಸಿಕ್ಕಾಗ ತಾನೇ ನಿಲ್ಲೋ ಪರೀಕ್ಷೆ) ಹಾಕಿ. ಕೆಳಗಿನ ಮಿತಿ 0 ಎಲೋ, ಮೇಲಿನದು 5, ಆಲ್ಫಾ-ಬೀಟಾ (ತೀರ್ಮಾನ ತಪ್ಪಾಗೋಕೆ ಬಿಡೋ ಅವಕಾಶ) ಎರಡೂ 0.05 ಕೊಟ್ರೆ ಪುರಾವೆ ಎಷ್ಟಿದೆ ಅಂತ ತೋರ್ಸೋ ಎಲ್‌ಎಲ್‌ಆರ್ ಅನ್ನೋ ಸಂಖ್ಯೆ ಪ್ಲಸ್ 2.94 ಮುಟ್ಟಿದಾಗ ಪಾಸ್, ಮೈನಸ್ 2.94 ಮುಟ್ಟಿದಾಗ ಫೇಲ್, ಆಟ ತಾನೇ ನಿಲ್ಲುತ್ತೆ. ಗೆಲ್ತಿದೆ ಅನ್ಸಿದ ಕ್ಷಣದಲ್ಲಿ ಕೈಯಾರೆ ನಿಲ್ಸಿ ಸ್ಕ್ರೀನ್‌ಶಾಟ್ ತೆಗೆಯೋರು ಬೇಕಾದಷ್ಟು ಜನ ಇದಾರೆ, ಆ ಸ್ಕ್ರೀನ್‌ಶಾಟಿಗೆ ಬೆಲೆ ಇಲ್ಲ.

ರಿಸಲ್ಟ್ ಯಾರಿಗಾದ್ರೂ ಕಳಿಸೋದಾದ್ರೆ ಎಂಜಿನ್ ವರ್ಷನ್, ಟೈಮ್ ಕಂಟ್ರೋಲ್, ಹ್ಯಾಶ್, ಓಪನಿಂಗ್ ಫೈಲ್ ಹೆಸರು, ಗೇಮ್ ಸಂಖ್ಯೆ, ಪ್ಲಸ್-ಮೈನಸ್ ಎರರ್ ಇಷ್ಟನ್ನೂ ಬರೆದು ಪಿಜಿಎನ್ ಜಿಪ್ ಮಾಡಿ ಜೊತೆಗೇ ಕಳಿಸಿ, ಓದೋರು ಅನುಮಾನ ಬಂದ್ರೆ ಅದೇ ಪೊಸಿಷನ್‌ಗಳನ್ನ ಅವರ ಮಷೀನಲ್ಲಿ ಮತ್ತೆ ಆಡಿಸ್ಕೊಳ್ತಾರೆ.