ಭತ್ತ ಮಿಲ್ ಮಾಡಿಸುವಾಗ ಅಕ್ಕಿಯ ಸತ್ವ ಉಳಿಸಿಕೊಳ್ಳುವ ಬಗೆ

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಗದ್ದೆಯಿರುವ ಅನೇಕ ಮನೆಯವರು ವರ್ಷದ ಊಟಕ್ಕೆ ಬೇಕಾದಷ್ಟು ಭತ್ತವನ್ನು ತೆಗೆದಿರಿಸಿ, ಬೇಕಾದಾಗ ಮಿಲ್ಲಿಗೆ ಹಾಕಿಸುತ್ತಾರೆ. ಅಂಗಡಿಯಲ್ಲಿ ಅಕ್ಕಿ ಕೊಳ್ಳುವವರಿಗೆ ಇಲ್ಲದ ಅನುಕೂಲವೊಂದು ಇವರಿಗಿದೆ. ಎಷ್ಟು ಪಾಲಿಶ್ ಬೇಕೆಂಬುದನ್ನು ತಾವೇ ಹೇಳಿ ಮಾಡಿಸಬಹುದು. ಹೀಗೆ ಹೇಳಲು ಕಾಳಿನಲ್ಲಿ ಯಾವ ಸತ್ವ ಎಲ್ಲಿದೆಯೆಂಬುದು ತಿಳಿದಿರಬೇಕು.

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು, ಅದು ತಿನ್ನುವುದಕ್ಕಲ್ಲ. ಹೊಟ್ಟು ತೆಗೆದ ಕಾಳಿನಲ್ಲಿ ಶೇ. 90ರಷ್ಟು ಒಳಗಿನ ಬಿಳಿ ಭಾಗವೇ ಆಗಿದ್ದು, ಅದು ಬಹುಮಟ್ಟಿಗೆ ಬರಿಯ ಪಿಷ್ಟ. ಅದರ ಮೇಲಿನ ತೆಳುವಾದ ಕಂದು ಪದರಗಳೇ ಮಿಲ್ಲಿನಲ್ಲಿ ತೌಡಾಗಿ ಹೊರಬೀಳುತ್ತವೆ. ನಾರು, ಎಣ್ಣೆ, ನಯಾಸಿನ್ (ಬಿ3 ಜೀವಸತ್ವ), ಮೆಗ್ನೀಸಿಯಂ ಹಾಗೂ ಕಬ್ಬಿಣದ ದೊಡ್ಡ ಪಾಲು ಈ ಪದರಗಳಲ್ಲಿದೆ. ಕಾಳಿನ ಒಂದು ತುದಿಯಲ್ಲಿರುವ ಭ್ರೂಣವು, ಅಂದರೆ ಮೊಳಕೆಯೊಡೆಯುವ ಭಾಗವು, ತೂಕದಲ್ಲಿ ಶೇ. 2–3ರಷ್ಟೇ ಇದ್ದರೂ, ಕಾಳಿನ ಥಯಾಮಿನ್, ಅಂದರೆ ಬಿ1 ಜೀವಸತ್ವದ, ಸುಮಾರು ಅರ್ಧ ಭಾಗವನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಪ್ರೋಟೀನು ಬಿಳಿ ಭಾಗದಲ್ಲಿಯೂ ಹರಡಿರುವುದರಿಂದ ಪಾಲಿಶ್‌ನಿಂದ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಸತುವಿನ ನಷ್ಟವೂ ಕಬ್ಬಿಣದಷ್ಟಿಲ್ಲ. ಆದರೆ ಚೆನ್ನಾಗಿ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಥಯಾಮಿನ್‌ನ ಹೆಚ್ಚಿನ ಪಾಲು ಹೋಗಿರುತ್ತದೆ. ಜಾವಾದಲ್ಲಿ 1890ರ ದಶಕದಲ್ಲಿ ಡಚ್ ವೈದ್ಯ ಐಕ್‌ಮನ್ ಗಮನಿಸಿದ್ದು ಇದರ ಪರಿಣಾಮವನ್ನೇ: ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲಿನ ಬಲ ಕಳೆದುಕೊಂಡವು, ತೌಡು ಉಳಿದ ಅಕ್ಕಿ ಕೊಟ್ಟಾಗ ಚೇತರಿಸಿಕೊಂಡವು.

ಮಿಲ್ಲಿಗೆ ಹೋಗುವ ಮುನ್ನ ಭತ್ತವನ್ನು ಹದವಾಗಿ ಒಣಗಿಸಬೇಕು. ಸುಡುಬಿಸಿಲಿನಲ್ಲಿ ಒಮ್ಮೆಲೇ ಒಣಗಿಸಿದರೆ ಕಾಳಿನೊಳಗೆ ಬಿರುಕು ಬಿದ್ದು ನುಚ್ಚು ಹೆಚ್ಚುತ್ತದೆ. ಆಗಾಗ ತಿರುವಿ ಹಾಕುತ್ತಾ ನಿಧಾನವಾಗಿ ಒಣಗಿಸುವುದು ಲೇಸು. ಹಳೆಯ ಹಲ್ಲರ್ ಯಂತ್ರವು ಹೊಟ್ಟನ್ನೂ ತೌಡನ್ನೂ ಒಟ್ಟಿಗೆ ಉಜ್ಜಿ ತೆಗೆಯುವುದರಿಂದ ಅದರಲ್ಲಿ ಪಾಲಿಶ್ ಪ್ರಮಾಣವನ್ನು ಹಿಡಿತದಲ್ಲಿಡುವುದು ಕಷ್ಟ. ಹೊಟ್ಟು ಬಿಡಿಸಲು ರಬ್ಬರ್ ರೋಲರ್ ಇರುವ ಮಿಲ್ಲಿನಲ್ಲಿ ಪಾಲಿಶ್ ಯಂತ್ರ ಬೇರೆಯಾಗಿರುತ್ತದೆ. ಅಲ್ಲಿ ಹೊಟ್ಟು ಮಾತ್ರ ತೆಗೆಯುವಂತೆ, ಇಲ್ಲವೇ ಒಂದೇ ಸಲ ಹಗುರವಾಗಿ ಪಾಲಿಶ್ ಮಾಡುವಂತೆ ಕೇಳಬಹುದು. ಮನೆಯಲ್ಲಿ ಎಲ್ಲರೂ ಪೂರ್ತಿ ಕಂದು ಅಕ್ಕಿಯನ್ನು ಒಪ್ಪುವುದು ಅಪರೂಪವಾದ್ದರಿಂದ ಎರಡನೆಯದೇ ನಡೆಯುವ ಮಾತೆಂದು ನನ್ನ ಅಭಿಪ್ರಾಯ. ಮಿಲ್ಲಿನಿಂದ ಬಂದ ಕೆಲವು ಕಾಳುಗಳನ್ನು ಅಂಗೈಯಲ್ಲಿಟ್ಟು ನೋಡಿರಿ. ಉದ್ದದ ಗೀರುಗಳಲ್ಲಿ ಕಂದು ಬಣ್ಣ ಉಳಿದಿದ್ದರೆ ತೌಡು ಪೂರ್ತಿ ಹೋಗಿಲ್ಲವೆಂದರ್ಥ. ತುದಿಯಲ್ಲಿ ಭ್ರೂಣವಿದ್ದ ಜಾಗ ಕಚ್ಚಿ ತೆಗೆದಂತೆ ಖಾಲಿಯಿದ್ದರೆ ಥಯಾಮಿನ್ ಬಹಳಷ್ಟು ಹೋಗಿದೆ. ಭ್ರೂಣವು ಬೇಗ ಉದುರುವ ಭಾಗವಾದ್ದರಿಂದ ಹಗುರ ಪಾಲಿಶ್‌ನಲ್ಲಿಯೂ ಇದನ್ನು ನೋಡಬೇಕಾಗುತ್ತದೆ. ಕೆಂಪು ಅಕ್ಕಿಯ ಬಣ್ಣವೂ ಹೊರಪದರದಲ್ಲಿಯೇ ಇರುವುದರಿಂದ, ಕೆಂಪು ಛಾಯೆಯ ರಾಜಮುಡಿಯನ್ನು ಬೆಳ್ಳಗೆ ಮಾಡಿಸಿ ತಂದರೆ ಅದನ್ನು ಬೆಳೆದ ಉದ್ದೇಶವೇ ಅರ್ಧ ಕೆಟ್ಟಂತೆ.

ಬಿಳಿ ಅನ್ನವನ್ನೇ ಬಯಸುವವರಿಗೆ ಕುಸುಬಲಕ್ಕಿ ಒಂದು ದಾರಿ. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ ಒಣಗಿಸುವಾಗ ನೀರಿನಲ್ಲಿ ಕರಗುವ ಜೀವಸತ್ವಗಳು ಹೊರಪದರದಿಂದ ಒಳಗಿಳಿಯುತ್ತವೆ. ಪಿಷ್ಟವು ಬೆಂದು ಅಂಟಿಕೊಂಡು ಅವುಗಳನ್ನು ಹಿಡಿದಿಡುತ್ತದೆ. ಹಾಗಾಗಿ ಆಮೇಲೆ ಪಾಲಿಶ್ ಮಾಡಿದರೂ ಬಿ1 ಹೆಚ್ಚು ಉಳಿಯುತ್ತದೆ. ನಾರು ಮಾತ್ರ ತೌಡಿನೊಂದಿಗೆ ಹೋಗುತ್ತದೆ.

ತೌಡು ಉಳಿದ ಅಕ್ಕಿಯಲ್ಲಿ ಎಣ್ಣೆಯೂ ಉಳಿಯುವುದರಿಂದ ಅದು ಬೇಗ ಕಮಟು ವಾಸನೆ ಹಿಡಿಯುತ್ತದೆ. ಭತ್ತವಾಗಿದ್ದಾಗ ಬಹುಕಾಲ ಕೆಡುವುದಿಲ್ಲ. ಆದ್ದರಿಂದ ವರ್ಷದ ಅಕ್ಕಿಯನ್ನು ಒಮ್ಮೆಗೇ ಮಾಡಿಸದೆ, ಒಂದೆರಡು ತಿಂಗಳಿಗೆ ಸಾಕಾಗುವಷ್ಟನ್ನೇ ಮಾಡಿಸಬೇಕು. ಅಡುಗೆಗೆ ಮುನ್ನ ಇಂಥ ಅಕ್ಕಿಯನ್ನು ಕೆಲವು ಗಂಟೆ ನೆನೆಸಿ, ಹೆಚ್ಚು ನೀರಿಟ್ಟು ಬೇಯಿಸಬೇಕು. ನೆನೆಸುವುದರಿಂದ ಕಬ್ಬಿಣ, ಸತುವನ್ನು ದೇಹಕ್ಕೆ ಸಿಗದಂತೆ ಹಿಡಿದಿಡುವ ಫೈಟಿಕ್ ಆಮ್ಲವೂ ಸ್ವಲ್ಪ ಕಡಿಮೆಯಾಗುತ್ತದೆ. ಪದೇ ಪದೇ ಉಜ್ಜಿ ತೊಳೆದರೂ, ಗಂಜಿ ಬಸಿದು ಚೆಲ್ಲಿದರೂ, ಮಿಲ್ಲಿನಲ್ಲಿ ಉಳಿಸಿಕೊಂಡ ಬಿ1 ನೀರಿನಲ್ಲಿ ಹೋಗಿಬಿಡುತ್ತದೆ. ಒಂದೆರಡು ಸಲ ತೊಳೆದು, ಬಸಿದ ಗಂಜಿಯನ್ನು ಸಾರಿಗೆ ಬಳಸಿಕೊಳ್ಳಬಹುದು. ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ತುಸು ಬೇರೆ ಬಣ್ಣದ ಕಾಳುಗಳು ಕಂಡರೆ ಅವು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದ ತಯಾರಿಸಿದವು. ಪ್ಲಾಸ್ಟಿಕ್ ಎಂದು ಶಂಕಿಸಿ ಅವನ್ನು ಆರಿಸಿ ಎಸೆಯಬೇಕಾಗಿಲ್ಲ.