ಕಾಫಿ ಶೆಡ್ಡಿನ ಕುಲುಮೆಯಲ್ಲಿ ಸಲ್ಫೈಡ್ ಹನಿ: ನನ್ನ ಅನುಭವ

ಕಲ್ಲಿನಲ್ಲಿ ಪ್ಲಾಟಿನಂ ಇರೋದೇ ಪಿಪಿಬಿ (ನೂರು ಕೋಟಿಯಲ್ಲಿ ಒಂದು ಪಾಲು) ಲೆಕ್ಕದಲ್ಲಿ, ಸೋಮವಾರಪೇಟೆಯ ಶೆಡ್ಡಿನಲ್ಲಿ ಕೂತು ಏನು ನೋಡ್ತೀಯಾ ಅಂತ ನಕ್ಕವರೇ ಜಾಸ್ತಿ. ನಾನು ಪ್ಲಾಟಿನಂ ಮುಟ್ಟಲೇ ಇಲ್ಲ. ಅದರ ಬದಲು ನಿಕಲ್ ಹಾಕಿದೆ, ಎರಡೂ ಸಲ್ಫೈಡಿಗೇ (ಗಂಧಕ ಕೂಡಿದ ಲೋಹಕ್ಕೆ) ಒಲಿಯುವಂಥವು. ಮಾಗ್ಮಾ ಭೂಚಿಪ್ಪಿನ ಕಲ್ಲನ್ನು ನುಂಗಿದರೆ ಸಲ್ಫೈಡ್ ಬೇರೆಯಾಗುತ್ತದೋ ಇಲ್ಲವೋ ಅನ್ನೋದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ.

ಕಾಂತಲ್ ಅನ್ನೋ ಬಿಸಿಯಾಗುವ ತಂತಿಯ ಕುಲುಮೆಗೆ ಅರವತ್ತು, ಎಪ್ಪತ್ತು ಸಾವಿರ ಹೋಯಿತು. 1250 ಡಿಗ್ರಿ ಆರಾಮಾಗಿ ಮುಟ್ಟುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಕರೆಂಟಿನ ಕಥೆ ಗೊತ್ತಲ್ವಾ? ಅರ್ಧ ಕರಗಿದಾಗ ಹೋದರೆ ಮೂಸೆ ಬಿರುಕು ಬಿಡುತ್ತದೆ. ಅಲ್ಯೂಮಿನಾ ಮೂಸೆ ಒಂದಕ್ಕೆ ಸಾವಿರದ ಹತ್ತಿರ. ಗ್ರಾಫೈಟ್ ಮೂಸೆಯಲ್ಲಿ ಕಲ್ಲಿನ ಕಬ್ಬಿಣವೇ ಲೋಹದ ಗುಂಡಾಯಿತು, ನಿಕಲ್ಲನ್ನೂ ಎಳೆದುಕೊಂಡಿತು. ಕೊನೆಗೆ ಅಲ್ಯೂಮಿನಾ ಮೂಸೆಯನ್ನೇ ದೊಡ್ಡ ಮೂಸೆಯೊಳಗಿಟ್ಟು, ಸುತ್ತ ಕಾಫಿ ಸಿಪ್ಪೆಯ ಇದ್ದಿಲು ತುಂಬಿದೆ. ಇದ್ದಿಲು ಕಮ್ಮಿಯಾದರೆ ಗಂಧಕ ಉರಿದು ಹೋಗುತ್ತದೆ, ಜಾಸ್ತಿಯಾದರೆ ಮತ್ತೆ ಕಬ್ಬಿಣದ ಗುಂಡು. ಎಷ್ಟು ತುಂಬಬೇಕು, ಮುಚ್ಚಳಕ್ಕೆ ಏನು ಮೆತ್ತಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಡೈಕಿನ (ಬಿರುಕಿಗೆ ನುಗ್ಗಿ ಗಟ್ಟಿಯಾದ ಮಾಗ್ಮಾದ) ಡಾಲರೈಟ್ ಕಲ್ಲಿನ ಪುಡಿ ನೂರು ಗ್ರಾಂ, ಐರನ್ ಸಲ್ಫೈಡ್ ಕಾಲು ಗ್ರಾಂಗಿಂತ ಸ್ವಲ್ಪ ಕಮ್ಮಿ, ಚಿಟಿಕೆ ನಿಕಲ್ ಆಕ್ಸೈಡ್. ತಣಿಸಿ, ಕೊಯ್ದು, ಪಾಲಿಶ್ ಮಾಡಿದರೆ ಬರೀ ಗಾಜು, ಸಲ್ಫೈಡ್ ಹನಿಯೇ ಇಲ್ಲ. ಆಮೇಲೆ ಗಂಧಕದ ಪಾಲು ಹಾಗೇ ಇಟ್ಟು ಭೂಚಿಪ್ಪಿನ ಕಲ್ಲಾದ ಗ್ನೈಸಿನ ಪುಡಿ ಕಾಲು ಭಾಗ ಬೆರೆಸಿದೆ. ಈ ಸಲ ಮೈಕ್ರೋಸ್ಕೋಪಿನಲ್ಲಿ ಹಳದಿ ಹನಿಗಳು! ಹೊರಗಿನಿಂದ ಹೆಚ್ಚಿನ ಗಂಧಕ ಒಂದು ಚೂರೂ ಸೇರದೆ, ಸಿಲಿಕಾ ಏರಿ ಕಬ್ಬಿಣದ ಪಾಲು ಇಳಿದು ಕರಗು ಗಂಧಕ ಹಿಡಿದಿಡೋದು ಕಮ್ಮಿಯಾದದ್ದಕ್ಕೇ ಹನಿ ಬಿದ್ದಿತ್ತು. ನಕ್ಕವರಿಗೆ ಅದೇ ದಿನ ಫೋಟೋ ಕಳಿಸಿದೆ.

ಆಮೇಲೆ ಹೊರಗಿನ ಗಂಧಕವನ್ನೂ ಸೇರಿಸೋಣ ಅಂತ ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಸುರಿದು ನೋಡಿದೆ. ಕೆಮ್ಮು ಬಂತು, ಕಿಟಕಿ ತೆಗೆದೇ ಮಾಡಿ. ಹನಿ ದಪ್ಪವಾಯಿತು, ಆದರೆ ಅದರೊಳಗಿನ ನಿಕಲ್ ಮೂರನೇ ಒಂದು ಭಾಗಕ್ಕೆ ಇಳಿಯಿತು. ಸಲ್ಫೈಡ್ ಜಾಸ್ತಿ, ಟೆನರ್ (ಸಲ್ಫೈಡಿನೊಳಗಿನ ಲೋಹದ ಪಾಲು) ಕಮ್ಮಿ. ನಿಕಲ್ ಕೆಲವು ನೂರು ಪಟ್ಟು ಮಾತ್ರ ಸಲ್ಫೈಡಿಗೆ ಒಲಿಯುತ್ತದೆ, ಪ್ಲಾಟಿನಂ ಗುಂಪಿನವು ಲಕ್ಷ ಪಟ್ಟು. ಹಾಗಾಗಿ ಅವುಗಳಿಗೆ ಒಂದು ಹನಿ ಎಷ್ಟು ಮಾಗ್ಮಾ ಕಂಡಿತು ಅನ್ನೋದೇ ದೊಡ್ಡ ಲೆಕ್ಕ, ಅದೇ ಆರ್ ಫ್ಯಾಕ್ಟರ್. ರಷ್ಯಾದ ನೊರಿಲ್ಸ್ಕ್ ಗಣಿಗಳಲ್ಲಿ ಆನ್‌ಹೈಡ್ರೈಟ್ ಅನ್ನೋ ಗಂಧಕವಿರುವ ಕಲ್ಲಿನ ಪದರಗಳಿಂದ ಬೇಕಾದಷ್ಟು ಗಂಧಕ ಸಿಕ್ಕಿತ್ತು. ಆದರೂ ಅದಿರು ಸಪ್ಪೆಯಾಗಲಿಲ್ಲ. ಹೊಸ ಮಾಗ್ಮಾ ಹರಿದು ಹರಿದು ಸಲ್ಫೈಡಿಗೆ ಲೋಹ ತುಂಬಿತು ಅನ್ನೋ ವಾದ ನನಗೆ ಒಪ್ಪಿಗೆ. ಪಿಂಗಾಣಿ ಕಡ್ಡಿಯಿಂದ ಕಲಕಿದಾಗ ನನ್ನ ಹನಿಗಳಲ್ಲೂ ನಿಕಲ್ ಸ್ವಲ್ಪ ಏರಿತ್ತು.

ದಕ್ಷಿಣ ಆಫ್ರಿಕಾದ ಬುಶ್‌ವೆಲ್ಡಿನ ಪ್ಲಾಟ್‌ರೀಫ್ ಅನ್ನೋ ಪ್ಲಾಟಿನಂ ಅದಿರಿನ ಪದರ ಕೆಲವು ಕಡೆ ಡಾಲಮೈಟ್ (ಸುಣ್ಣದ ಕಲ್ಲಿನಂಥ ಕಲ್ಲು) ಮೇಲೇ ಕೂತಿದೆಯಲ್ಲ, ಅದನ್ನೂ ಸುಮ್ನೆ ನೋಡೋಣ ಅಂತ ಡಾಲಮೈಟ್ ಪುಡಿ ಹಾಕಿದೆ. ಕಾರ್ಬನ್ ಡೈಆಕ್ಸೈಡ್ ಎದ್ದು ಇಡೀ ಕರಗು ನೊರೆಯಾಗಿ ಉಕ್ಕಿ ತಂತಿಯ ಮೇಲೆ ಬಿತ್ತು. ಹೊಸ ತಂತಿಗೆ ನಾಲ್ಕು ಸಾವಿರ. ಈಗ ಡಾಲಮೈಟನ್ನು ಮೊದಲೇ ಬೇರೆಯಾಗಿ ಸುಟ್ಟುಕೊಂಡೇ ಹಾಕುತ್ತೇನೆ.